ಪಾಠದ ಪುಸ್ತಕದ ಆಚೆಗೆ ಕನ್ನಡದಲ್ಲಿ ಏನಿದೆ?

ಪೋಷಕರ ಸಭೆ ನಡೆದಾಗಲೆಲ್ಲ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ. "ಸಾರ್, ಪಾಠದ ಪುಸ್ತಕ ಬಿಟ್ಟರೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಏನಿದೆ? ಬೀದಿಯಲ್ಲಿ ತಮಿಳು, ಟಿ.ವಿ.ಯಲ್ಲಿ ತಮಿಳು, ಫೋನಿನಲ್ಲೂ ತಮಿಳು." ಕೇಳುವವರ ದನಿಯಲ್ಲಿ ಕೋಪವಿರುವುದಿಲ್ಲ, ಬೇಸರವಿರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ತರುವಾಯ ತಮಿಳೂ ಕಡ್ಡಾಯ ಪಾಠವಾಗಿದೆ. ಕನ್ನಡಕ್ಕೆ ಸಿಗುವ ಹೊತ್ತು ಕಡಿಮೆಯಾಗಿರುವುದು ನಿಜ. ಆದರೆ ತಮಿಳು ಬಂದರೆ ಕನ್ನಡ ಹೋಗುತ್ತದೆ ಎಂಬುದನ್ನು ಎರಡು ಭಾಷೆಗಳಲ್ಲಿ ಓದಿ ಬೆಳೆದ ನಾವು ಒಪ್ಪಲಾರೆವು. ತಮಿಳಿನಲ್ಲಿ ಬಲ್ಲದ್ದರ ಕೈಹಿಡಿದು ಕನ್ನಡಕ್ಕೆ ಬರುವುದೇ ನಮ್ಮ ಮಕ್ಕಳಿಗೆ ಸುಲಭವಾದ ದಾರಿಯೆಂದು ನಮ್ಮ ಅಭಿಪ್ರಾಯ.

ಆಟದಿಂದಲೇ ಆರಂಭಿಸೋಣ. ಆಡು-ಹುಲಿ ಆಟವನ್ನು ಅಜ್ಜಿಯರು ಬಲ್ಲರು. ಮೂರು ಹುಲಿ, ಹದಿನೈದು ಆಡು, ಗೆರೆಗಳು ಕೂಡುವ ಇಪ್ಪತ್ತಮೂರು ಮನೆ. ಹುಲಿ ಆಡನ್ನು ಹಾರಿ ಕಡಿಯುತ್ತದೆ; ಆಡುಗಳು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಬೇಕು. ಸೀಮೆಸುಣ್ಣದ ಒಂದು ತುಂಡು, ಹದಿನೆಂಟು ಕಲ್ಲು ಇದ್ದರೆ ಸಾಕು, ಕಾಸಿನ ಖರ್ಚಿಲ್ಲ. ನಾವು ಒಮ್ಮೆ ಜಗಲಿಯ ಮೇಲೆ ಈ ಮನೆಗಳನ್ನು ಬರೆದಾಗ ಹುಡುಗನೊಬ್ಬ "ಇದು ಆಡು ಪುಲಿ ಆಟ್ಟಂ ಅಲ್ಲವೇ ಸಾರ್?" ಎಂದು ಕೇಳಿದ. ಹೌದು, ಅದೇ. ಹಳಗನ್ನಡದಲ್ಲಿ ನಮ್ಮ ಹುಲಿಯೂ ಪುಲಿಯೇ. ಹಾಲು ಪಾಲ್, ಹಲ್ಲು ಪಲ್, ಹೂವು ಪೂ. ನಮ್ಮ ಹೊಗೇನಕಲ್ಲಿನ ಹೊಗೆ ಆಗ ಪೊಗೆ. ತಮಿಳಿನವರಿಗೆ ಇಂದಿಗೂ ಪುಗೈ. ದೊಡ್ಡ ನಗರಗಳ ಮಕ್ಕಳು ಪಂಪನ ಹೆಸರು ಕೇಳಿದೊಡನೆ ಹೆದರುತ್ತಾರಂತೆ. ಅಂತಹ ಹೆದರಿಕೆ ನಮ್ಮ ಮಕ್ಕಳಿಗೆ ಬೇಕಿಲ್ಲ, ಅವನ ಎಷ್ಟೋ ಮಾತುಗಳು ಇವರ ಕಿವಿಯಲ್ಲಿ ಆಗಲೇ ಇವೆ.

ಚಲನಚಿತ್ರದ ವಿಷಯದಲ್ಲಿ ನಮ್ಮ ಮೊದಲ ಶಿಫಾರಸು 1954ರ 'ಬೇಡರ ಕಣ್ಣಪ್ಪ'. ಶಿವಲಿಂಗದ ಕಣ್ಣಿನಿಂದ ರಕ್ತ ಬರುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಡನ ಕಥೆ ಇದು. ಎರಡನೆಯ ಕಣ್ಣನ್ನೂ ಕೀಳುವಾಗ ಜಾಗ ತಪ್ಪಬಾರದೆಂದು ಅವನು ಲಿಂಗದ ಮೇಲೆ ಕಾಲಿಟ್ಟನಲ್ಲ, ಆ ಗಳಿಗೆಯಲ್ಲಿ ಎಂತಹವರ ಎದೆಯೂ ನಡುಗುತ್ತದೆ. ತಮಿಳಿನಲ್ಲಿ ಸೇಕ್ಕಿಳಾರರ ಪೆರಿಯ ಪುರಾಣದಲ್ಲಿ ಈತ ಅರುವತ್ತಮೂವರಲ್ಲಿ ಒಬ್ಬ. ಕನ್ನಡದಲ್ಲಿ ಹರಿಹರ ಕವಿ ಈತನ ಮೇಲೆ ರಗಳೆ ಬರೆದಿದ್ದಾನೆ. ಈ ಚಿತ್ರದಿಂದಲೇ ಮುತ್ತುರಾಜ ಎಂಬ ನಾಟಕ ಕಂಪನಿಯ ನಟರು ರಾಜ್‌ಕುಮಾರ್ ಎಂಬ ನಾಯಕನಟರಾದರು. ಅವರ ಊರಾದ ತಾಳವಾಡಿ ಬಳಿಯ ಗಾಜನೂರು ಈರೋಡು ಜಿಲ್ಲೆಯಲ್ಲಿದೆ, ಅಂದರೆ ನಮ್ಮ ತಮಿಳುನಾಡಿನಲ್ಲಿಯೇ! ಇದನ್ನು ಹೇಳಿದಾಗ ತರಗತಿಯಲ್ಲಿ ಅರಳಿದ ಮುಖಗಳನ್ನು ನಾವು ಮರೆತಿಲ್ಲ. ಹಳೆಯ ಕಪ್ಪು-ಬಿಳುಪು ಚಿತ್ರವೆಂದು ಮೂಗು ಮುರಿಯದೆ ಮನೆಮಂದಿಯೆಲ್ಲ ಕುಳಿತು ನೋಡಬೇಕು.

ಓದಿಗೆ ನಾವು ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಹೇಳುತ್ತೇವೆ. 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಇವೆರಡೂ ನಗುತ್ತಾ ಓದಬಹುದಾದ ಪುಸ್ತಕಗಳು. ಅವರ ಊರು ಹೇಮಾವತಿಯ ದಡದ್ದು. ಆ ನೀರು ಕಾವೇರಿಗೆ ಕೂಡಿ ಹೊಗೇನಕಲ್ಲಿನಲ್ಲಿ ಧುಮುಕುತ್ತದೆ. ಆದುದರಿಂದ ಅವರು ನಮಗೆ ತೀರ ದೂರದವರಲ್ಲ. ಅವರ ಕಥೆಯನ್ನು ಆಧರಿಸಿ 1974ರಲ್ಲಿ ಬಂದ 'ಭೂತಯ್ಯನ ಮಗ ಅಯ್ಯು' ಚಿತ್ರವನ್ನು ಕಥೆ ಓದಿದ ಮೇಲೆ ನೋಡುವುದು ಮೇಲು. ದೊಡ್ಡ ತರಗತಿಯವರು ಮಾಸ್ತಿಯವರ 'ಸುಬ್ಬಣ್ಣ'ವನ್ನು ಓದಲಿ. ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ, 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಸಂಗೀತ ಕಲಿಯುವ ಮಕ್ಕಳು ತಮಿಳುನಾಡಿನ ಯಾವ ಊರಿನಲ್ಲಿ ಕಲಿತರೂ ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ ವರಸೆಯಿಂದಲೇ ಆರಂಭಿಸುತ್ತಾರೆ. ಎಂ.ಎಲ್. ವಸಂತಕುಮಾರಿಯವರು ಹಾಡಿದ ದೇವರನಾಮಗಳನ್ನು ಕೇಳಬೇಕು.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನಾವು ಹೇಳಬೇಕೆಂದಿರುವುದು ಕಾವೇರಿಯ ಆಚೆ ದಡದ ಮಲೆ ಮಹದೇಶ್ವರನ ಹಾಡುಗಳನ್ನು ಕುರಿತು. ನಮ್ಮ ಕಡೆಯಿಂದಲೂ ಎಷ್ಟೋ ಕುಟುಂಬಗಳು ಆ ಬೆಟ್ಟಕ್ಕೆ ಹರಕೆ ಹೊತ್ತು ಹೋಗುತ್ತವೆ. ಹೋದವರು ತಲೆಮುಡಿ ಕೊಟ್ಟು, ಪ್ರಸಾದ ತಂದು ಸುಮ್ಮನಾಗುತ್ತಾರೆ. ಹಾಡು ಕೇಳಿ ಬಂದವರು ಕಡಿಮೆ. ಕಂಸಾಳೆಯವರು ಒಂದು ಕೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ, ಇನ್ನೊಂದರಲ್ಲಿ ಚಪ್ಪಟೆ ತಾಳ ಹಿಡಿದು ರಾತ್ರಿಯೆಲ್ಲ ಹಾಡುವ ಕಾವ್ಯವಿದು. ಸಂಕಮ್ಮನ ಸಾಲನ್ನು ಕೇಳಿರಿ: ಜೇನು ತರಲು ಕಾಡಿಗೆ ಹೊರಟ ಗಂಡ ಆಣೆಭಾಷೆ ಕೇಳುತ್ತಾನೆ, ಆಕೆ ಕೊಡುವುದಿಲ್ಲ. ಆಮೇಲೆ ಆಕೆ ಪಡುವ ಪಾಡನ್ನು ಹಾಡಿಯೇ ತಿಳಿಸಬೇಕು.

ಇದೆಲ್ಲ ಇರುವುದು ಅಚ್ಚ ಹಳ್ಳಿಯ ಮಾತಿನಲ್ಲಿ. ನಮ್ಮ ಮಕ್ಕಳು ಮನೆಯ ಕನ್ನಡವನ್ನು ತರಗತಿಯಲ್ಲಿ ಆಡಲು ನಾಚುತ್ತಾರೆ. "ಅದು ಸರಿಯಾದ ಕನ್ನಡವಲ್ಲ ಸಾರ್" ಎನ್ನುತ್ತಾರೆ. ಯಾರು ಹೇಳಿಕೊಟ್ಟರೋ ತಿಳಿಯದು. ಪರೀಕ್ಷೆಯ ಉತ್ತರಗಳನ್ನು ತಿದ್ದುವ ಭರದಲ್ಲಿ ನಾವೂ ಹೇಳಿಕೊಟ್ಟಿರಬಹುದು. ಒಂದು ಮಹಾಕಾವ್ಯವನ್ನು ಹೊತ್ತಿರುವ ಮಾತಿಗೆ ಹತ್ತಿರದ ಮಾತನ್ನು ತಪ್ಪೆಂದು ಹೇಗೆ ಕರೆಯುವುದು? ಡಾ. ಪಿ.ಕೆ. ರಾಜಶೇಖರರು ಸಂಗ್ರಹಿಸಿದ 'ಮಲೆಯ ಮಾದೇಶ್ವರ' 1973ರಲ್ಲಿ ಅಚ್ಚಾಗಿದೆ. ದೊಡ್ಡ ಗ್ರಂಥ, ಒಬ್ಬರೇ ಓದುವುದು ಕಷ್ಟ. ಶನಿವಾರದ ಮಧ್ಯಾಹ್ನ ನಾಲ್ಕಾರು ಮಂದಿ ಕೂಡಿದರೆ ಒಂದೊಂದು ಸಾಲನ್ನು ಗಟ್ಟಿಯಾಗಿ ಓದಿಸಲು ನಾವು ಸಿದ್ಧರಿದ್ದೇವೆ.

ಗೊರೂರರ ಪುಸ್ತಕಗಳು ಶಾಲೆಯ ಬೀರುವಿನಲ್ಲಿವೆ. ಒಂದಕ್ಕೆ ರಟ್ಟು ಹೋಗಿತ್ತು, ಈ ವರ್ಷ ಬೈಂಡು ಮಾಡಿಸಿದ್ದೇವೆ. ಸಹಿ ಮಾಡಿ ಹದಿನೈದು ದಿನಕ್ಕೆ ಮನೆಗೆ ಒಯ್ಯಬಹುದು, ಪೋಷಕರೂ ಒಯ್ಯಬಹುದು.