ಸೋರ್ಸ್ ಕೋಡಿನಲ್ಲೂ ಕನ್ನಡ ಕಾಣಲಿ

ಯಾವುದಾದರೂ ಸುದ್ದಿತಾಣ ತೆರೆದು ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಪುಟದ ಹಿಂದಿರುವ ಎಚ್‌ಟಿಎಂಎಲ್ ಕಾಣುತ್ತದೆ. ಬಹಳ ಕಡೆ ಅದು ಸಾಲು ಮುರಿಯದೆ, ಡಿವ್ ಒಳಗೆ ಡಿವ್ ತುರುಕಿದ ರಾಶಿ. ಯಾರೂ ಕೂತು ಬರೆದದ್ದಲ್ಲ, ಸಾಫ್ಟ್‌ವೇರ್ ಉದುರಿಸಿದ್ದು. ಬ್ರೌಸರಿಗೆ ಅರ್ಥವಾದರೆ ಸಾಕಲ್ಲ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಪೆಟ್ಟೂ ಇದೆ. ಕೆಲವು ತಂತ್ರಾಂಶಗಳು ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆ ಬರೆಯುತ್ತವೆ. ‘ಕನ್ನಡ’ ಎಂಬ ಪದ ಸೋರ್ಸ್‌ನಲ್ಲಿ &#3221;&#3240;&#3277;&#3240;&#3233; ಆಗಿರುತ್ತದೆ. ಪರದೆಯ ಮೇಲೇನೋ ಸರಿಯಾಗಿಯೇ ಕಾಣುತ್ತದೆ. ಆದರೆ ‘ವರದಿಯಲ್ಲಿ ನಮ್ಮಪ್ಪನ ಹೆಸರು ತಪ್ಪಾಗಿದೆ, ಈಗಲೇ ತಿದ್ದಿ’ ಎಂದು ಫೋನ್ ಬಂದಾಗ ಆ ಹೆಸರನ್ನು ಫೈಲಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಹೋಗಲಿ, ಜಾಗವಾದರೂ ಉಳಿಯಿತೇ? ಅದೂ ಇಲ್ಲ. ಯುಟಿಎಫ್-8ರಲ್ಲಿ 15 ಬೈಟ್ ಸಾಕಾಗುವ ಈ ಪದಕ್ಕೆ ಹೀಗೆ ಬರೆದರೆ 35 ಬೈಟ್ ಬೇಕು.

ವರ್ಡ್‌ನಲ್ಲಿ ಟೈಪ್ ಮಾಡಿ ವೆಬ್ ಪೇಜ್ ಆಗಿ ಸೇವ್ ಮಾಡಿದರೆ ಬೇರೆಯೇ ಅವತಾರ: ಪ್ಯಾರಾ ಪ್ಯಾರಾಕ್ಕೂ ‘ಎಂಎಸ್‌ಒ’ ಬಾಲ, ಜೊತೆಗೆ ಫಾಂಟ್ ಪುರಾಣ. (ಅದರಲ್ಲೇ ‘ಫಿಲ್ಟರ್ಡ್’ ಎಂಬ ಆಯ್ಕೆಯೂ ಇದೆ, ಕಸ ಎಷ್ಟೋ ಕಡಿಮೆಯಾಗುತ್ತದೆ.)

ಸಾಲು ಬಿಟ್ಟು ಬರೆದರೆ ಪುಟ ಭಾರವಾಗುತ್ತದೆ ಎನ್ನುತ್ತಾರೆ. ಹಳ್ಳಿಯ ನೆಟ್‌ವರ್ಕ್ ಬಲ್ಲ ನಮಗೆ ಇದು ತಳ್ಳಿಹಾಕುವ ಮಾತಲ್ಲ. ಆದರೆ ಸರ್ವರಿನಲ್ಲಿ ಜಿಜಿಪ್ ಚಾಲೂ ಇದ್ದರೆ ಇಂಡೆಂಟಿನ ಖಾಲಿ ಜಾಗ ಬಹುಪಾಲು ಕುಗ್ಗಿಬಿಡುತ್ತದೆ. ಪುಟವನ್ನು ನಿಜಕ್ಕೂ ಎಳೆದಾಡಿಸುವುದು ದೊಡ್ಡ ಫೋಟೊಗಳು, ಜಾಹೀರಾತಿನ ಸ್ಕ್ರಿಪ್ಟ್‌ಗಳು. ಅವುಗಳ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ!

ಹಾಗಂತ ಇಂಡೆಂಟ್ ಒಂದೇ ಮದ್ದಲ್ಲ. ಪ್ರೆಟಿಯರ್, ಟೈಡಿಯಂಥ ಸಲಕರಣೆಗಳು ಸಾಲು ಜೋಡಿಸಿಕೊಡುತ್ತವೆ, ಅರ್ಥ ತುಂಬುವುದಿಲ್ಲ. ಟೆಂಪ್ಲೇಟ್ ಬರೆಯುವವರೇ ಡಿವ್ ಬದಲು ಆರ್ಟಿಕಲ್, ನ್ಯಾವ್, ಫೂಟರ್ ಟ್ಯಾಗ್ ಬಳಸಬೇಕು. ಕ್ಲಾಸಿಗೆ ನೋಡಿದರೆ ತಿಳಿಯುವ ಹೆಸರಿಡಬೇಕು. ಈ ತುಣುಕು ಯಾವ ಫೈಲಿನಿಂದ ಬಂತು ಎಂದು ಒಂದು ಸಾಲಿನ ಕಾಮೆಂಟ್ ಹಾಕಬೇಕು. ತಾಲ್ಲೂಕು ಪತ್ರಿಕೆಗೆ ತಾಣ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದಮೇಲೆ ಅದು ಇನ್ನೊಬ್ಬರ ತಲೆಗೆ ಬರುತ್ತದೆ, ಆಗ ಅವರಿಗೆ ದಾರಿ ತೋರಿಸುವುದು ಆ ಕಾಮೆಂಟೇ.

ತಾಣ ಮಾಡಿಸುವ ಸಂಪಾದಕರು ಕೊನೆಯ ಕಂತಿನ ಹಣ ಕೊಡುವ ಮುಂಚೆ ಸೋರ್ಸ್ ತೆರೆದು, ತಮ್ಮದೇ ಸುದ್ದಿಯ ತಲೆಬರಹ ಅಲ್ಲಿ ಕನ್ನಡದಲ್ಲಿ ಸಿಗುತ್ತದೆಯೇ ಹುಡುಕಲಿ. ಸಿಗದಿದ್ದರೆ ಆ ಕಂತನ್ನು ತಡೆಹಿಡಿಯಲಿ.