ಹಳೇ ಚಿಪ್ಪು ಅಂತ ನಗೋ ಮುಂಚೆ...

ಮೊನ್ನೆ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ಇಂಜಿನಿಯರಿಂಗ್ ಹುಡುಗ ಮೊಬೈಲ್ ನೋಡ್ತಾ ನಗ್ತಿದ್ದ. "ನೋಡ್ರಿ ಸರ್, ಇಸ್ರೋದವ್ರು 180 ನ್ಯಾನೋಮೀಟರ್ ಚಿಪ್ ಮಾಡ್ಯಾರಂತ. ನನ್ನ ಫೋನಿಂದು 3 ಅದ!"

ಅವನೊಬ್ಬನೇ ಅಲ್ಲ ಬಿಡಿ. 2025ರ ಸೆಪ್ಟೆಂಬರ್ 2ರಂದು ದೆಹಲಿಯಲ್ಲಿ 'ವಿಕ್ರಮ್ 3201' ಪ್ರದರ್ಶನವಾದಾಗಿನಿಂದ ಇದೇ ಗೇಲಿ. ಇನ್ನೊಂದು ಗುಂಪಿನವರು ತೈವಾನನ್ನೇ ಹಿಂದೆ ಹಾಕಿಬಿಟ್ಟೆವು ಅಂತ ಎದೆ ತಟ್ಟಿಕೊಳ್ತಾರೆ. ನನ್ನ ಪ್ರಕಾರ ಎರಡೂ ಗುಂಪಿಗೆ ಈ ಚಿಪ್ ಅರ್ಥವಾಗಿಲ್ಲ.

ಚಿಪ್‌ನೊಳಗಿನ ಸೊನ್ನೆ-ಒಂದು ಅಂದ್ರೆ ಒಂಚೂರು ವಿದ್ಯುದಾವೇಶ, ಅಷ್ಟೆ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಆ ಚೂರು ಇನ್ನೂ ಚಿಕ್ಕದಾಗುತ್ತೆ. ನೆಲದ ಮೇಲೆ ನಮಗೆ ವಾತಾವರಣ, ಭೂಮಿಯ ಕಾಂತಕ್ಷೇತ್ರ ಎರಡೂ ಛತ್ರಿ ಹಿಡಿದಿವೆ. ಮೇಲೆ ಹೋದರೆ ಅದಿಲ್ಲ. ವೇಗವಾಗಿ ಬಂದ ಒಂದೇ ಒಂದು ಕಣ ಬಡಿದರೂ ಸೊನ್ನೆ ಒಂದಾಗಬಹುದು. ಫೋನಾದರೆ ಆಫ್ ಮಾಡಿ ಆನ್ ಮಾಡ್ತೀರಿ. ಮೇಲೇರುತ್ತಿರುವ ರಾಕೆಟ್ಟನ್ನು?

ಬಿಸಿಲಿನ ಮಾತೇ ತಗೊಳ್ಳಿ. ನಮ್ಮೂರಿನ ಮೇ ತಿಂಗಳ ಬಿಸಿಲಿಗೇ ನನ್ನ ಫೋನ್ 'ತಣ್ಣಗಾಗಲು ಬಿಡಿ' ಅಂತ ಕೈಯೆತ್ತುತ್ತೆ. ವಿಕ್ರಮ್ ಮೈನಸ್ 55ರಿಂದ 125 ಡಿಗ್ರಿವರೆಗೆ ಕೆಲಸ ಮಾಡಬೇಕು. ರಾಕೆಟ್ ವಿಡಿಯೋ ನೋಡಬೇಕಿಲ್ಲ ಸ್ವಾಮಿ. ದಿಕ್ಕು, ವೇಗ ಲೆಕ್ಕ ಹಾಕಿ ಸರಿಯಾದ ಕ್ಷಣಕ್ಕೆ ಆಜ್ಞೆ ಕೊಟ್ಟರೆ ಸಾಕು. ಚಿಪ್ ಸರಳವಾಗಿದ್ದಷ್ಟೂ ಎಲ್ಲೆಲ್ಲಿ ತಪ್ಪಬಹುದು ಅಂತ ಪರೀಕ್ಷಿಸೋದು ಸುಲಭ. 2009ರಿಂದ ನಮ್ಮ ರಾಕೆಟ್‌ಗಳನ್ನು ನಡೆಸಿದ್ದು ಬರೀ 16 ಬಿಟ್‌ನ ವಿಕ್ರಮ್ 1601. ನಾಸಾದ ಪರ್ಸಿವಿಯರೆನ್ಸ್ 2021ರಲ್ಲಿ ಮಂಗಳಕ್ಕಿಳಿದಾಗ ಅದರ ತಲೆಯಲ್ಲಿದ್ದದ್ದು ಆರ್‌ಎಡಿ 750. 1998ರ ಐಮ್ಯಾಕ್‌ನಲ್ಲಿದ್ದ ಪ್ರೊಸೆಸರಿನ ಗಟ್ಟಿಮುಟ್ಟಾದ ತಮ್ಮ ಅದು!

"ಅದೇ ರೋವರ್ ಜೊತೆ ಹೋದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲಿ ಫೋನಿನ ಸ್ನಾಪ್‌ಡ್ರಾಗನ್ ಇತ್ತಲ್ರಿ?" ಅಂದ ಹುಡುಗ. ಶಭಾಷ್, ಒಳ್ಳೇ ಪ್ರಶ್ನೆ. ಇತ್ತು, 2024ರವರೆಗೆ 72 ಸಲ ಹಾರಿತು ಕೂಡ. ಆದರೆ ಅದು ಪ್ರಯೋಗ, ಕೆಟ್ಟರೂ ಮುಖ್ಯ ಯಾತ್ರೆ ನಿಲ್ಲುತ್ತಿರಲಿಲ್ಲ. ಕಳೆದುಕೊಳ್ಳಲು ತಯಾರಿದ್ದ ಕಡೆ ಹೊಸ ಚಿಪ್, ಇಲ್ಲದ ಕಡೆ ಹಳೇ ಚಿಪ್. ನಾಸಾದ ಲೆಕ್ಕ ಅಷ್ಟು ಸರಳ.

ಇನ್ನು ಎದೆ ತಟ್ಟುವವರಿಗೆ. ರಾಕೆಟ್‌ಗೆ ಬೇಕಾದ ಚಿಪ್‌ಗೆ ಇನ್ನೊಬ್ಬರ ಮುಂದೆ ಕೈಚಾಚಬೇಕಿಲ್ಲ ಅನ್ನೋದು ನಿಜವಾದ ಹೆಮ್ಮೆ, ಅಷ್ಟಕ್ಕೇ ನಿಲ್ಲಿಸಿ. 180 ನ್ಯಾನೋಮೀಟರ್ ಮಾಡಿದ್ದಕ್ಕೆ ಫೋನಿನ ಚಿಪ್ಪೂ ಬಂದುಬಿಡೋದಿಲ್ಲ. ಮೊಹಾಲಿಯ ನಮ್ಮ ಸೆಮಿಕಂಡಕ್ಟರ್ ಕಾರ್ಖಾನೆ 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಆಮೇಲೆ ಅಷ್ಟು ವರ್ಷ ನಾವು ಯಾಕೆ ಕುಂಟಿದೆವು ಅಂತ ಕೇಳಿ. ಸಿಟ್ಟು ಬರಬೇಕಾದದ್ದು ಅಲ್ಲಿ. ನಾವು ನಗ್ತಿರೋದು ಮಾತ್ರ ಸರಿಯಾಗಿ ಮಾಡಿದ ಕೆಲಸ ನೋಡಿ.

ಕಮಲಾಪುರ ಬಂತು. ಇಳಿದವನೇ ಕೆಂಪು ಬಾಳೆಹಣ್ಣು ಕೊಂಡೆ. ಬೇರೆ ಬಾಳೆಗಿಂತ ಬೆಳೆಯೋಕೆ ಹೆಚ್ಚು ಕಾಲ ಹಿಡಿಯುತ್ತೆ. ತಡ ಅಂತ ಯಾರೂ ಅದನ್ನು ಗೇಲಿ ಮಾಡಿದ್ದು ನಾನು ಕೇಳಿಲ್ಲ.

ಹುಡುಗನಿಗೂ ಒಂದು ಕೊಟ್ಟೆ. "ವಿಚಾರ ಮಾಡ್ತೀನ್ರಿ" ಅಂದ. ನೀವೇನಂತೀರಿ? :-)