ಕಾಲೇಜು, ಕಸುಬು ಮತ್ತು ಕನ್ನಡ

ಮುಂಬಯಿಯ ಕನ್ನಡಿಗರಿಗೆ ವಿದ್ಯೆ ಮತ್ತು ಕಸುಬುಗಳ ಸಂಯೋಗವೆಂಬುದು ಹೊಸ ವಿಚಾರವೇನಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಎಸ್.ಎಸ್.ಸಿ. ಮುಗಿಸಿದರು. ಮುಂದೆ ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಪದವಿ ಪಡೆದು ಬ್ಯಾಂಕುಗಳನ್ನು ಸೇರಿದವರೂ ಅನೇಕರು. ಆದರೆ ಗಲ್ಲಾದ ಮೇಲೆ ಕುಳಿತು ಲೆಕ್ಕ ಕಲಿತವನಿಗೆ ಆ ಅನುಭವಕ್ಕಾಗಿ ಯಾವ ಪರೀಕ್ಷಾ ಮಂಡಳಿಯೂ ಒಂದು ಅಂಕವನ್ನಾದರೂ ಕೊಡಲಿಲ್ಲ. ಕಸುಬು ಒಂದು ದಾರಿ, ಪಾಠ ಇನ್ನೊಂದು ದಾರಿ.

ಈ ಎರಡನ್ನೂ ಕೂಡಿಸಬೇಕೆಂಬ ಚಿಂತನೆಗೆ ಕೊಠಾರಿ ಆಯೋಗದ (1964–66) ವರದಿಯು ಬಲ ನೀಡಿತು. 10+2 ಪದ್ಧತಿ ಬಂದ ಬಳಿಕ ಮಹಾರಾಷ್ಟ್ರದ ಜೂನಿಯರ್ ಕಾಲೇಜುಗಳಲ್ಲಿ ‘ಬೈಫೋಕಲ್’ ವಿಷಯಗಳು ರೂಪುಗೊಂಡವು. ಹೆಸರೇನೋ ನಲವತ್ತು ದಾಟಿದವರ ಕನ್ನಡಕದ್ದು. ಹತ್ತಿರದ ಅನ್ನವನ್ನೂ ದೂರದ ಪದವಿಯನ್ನೂ ಒಂದೇ ಗಾಜಿನಲ್ಲಿ ಕಾಣಿಸುವುದು ಅದರ ಉದ್ದೇಶ. ವಿಜ್ಞಾನದ ವಿದ್ಯಾರ್ಥಿಗೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಸ್ಕೂಟರ್ ಮತ್ತು ಮೋಟಾರ್‌ಸೈಕಲ್ ದುರಸ್ತಿ. ವಾಣಿಜ್ಯದವನಿಗೆ ಬ್ಯಾಂಕಿಂಗ್, ಕಚೇರಿ ನಿರ್ವಹಣೆ. ಕಸುಬಿನ ವಿಷಯಕ್ಕೆ 200 ಅಂಕಗಳು.

ಈ 200 ಅಂಕಗಳು ಎಲ್ಲಿಂದ ಬಂದವು? ಜಮೆಯಿದ್ದಲ್ಲಿ ಖರ್ಚೂ ಇರಲೇಬೇಕೆಂಬುದು ಲೆಕ್ಕಪತ್ರದ ಮೊದಲ ಪಾಠ. ಐಚ್ಛಿಕ ವಿಷಯವೊಂದರಿಂದ 100, ದ್ವಿತೀಯ ಭಾಷೆಯಿಂದ ಇನ್ನು 100. ಇಂಗ್ಲಿಷು ಅಲುಗಾಡಲಿಲ್ಲ. ಮಂಡಳಿಯ ಭಾಷಾಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, ಬೈಫೋಕಲ್ ಆರಿಸಿಕೊಂಡ ಕನ್ನಡ ಶಾಲೆಯ ಹುಡುಗ ಹದಿನಾರರ ಪ್ರಾಯದಲ್ಲೇ ಅದಕ್ಕೆ ವಿದಾಯ ಹೇಳಬೇಕಾಯಿತು.

ಹೋಗಲಿ, ಕಸುಬಾದರೂ ಕೈಗೆ ಹತ್ತಿತೇ? ಹೆಚ್ಚಿನ ಪಾಲಕರು ಅಂಕಗಳು ಧಾರಾಳವಾಗಿ ಬರುವುವೆಂದೇ ಅದನ್ನು ಆರಿಸಿಕೊಟ್ಟರು. ಪರೀಕ್ಷೆ ಮುಗಿದ ಮೇಲೆ ಸ್ಪ್ಯಾನರ್ ಹಿಡಿದವರು ವಿರಳ. ಚೆಂಬೂರಿನ ಅಂಚಿನಲ್ಲೇ ಮಾಹುಲದ ತೈಲ ಶುದ್ಧೀಕರಣ ಕೇಂದ್ರಗಳು, ರಾಷ್ಟ್ರೀಯ ಕೆಮಿಕಲ್ಸ್ ಗೊಬ್ಬರದ ಕಾರ್ಖಾನೆ, ಟ್ರಾಂಬೆಯ ಟಾಟಾ ವಿದ್ಯುದಾಗಾರಗಳಿವೆ. ಅಪ್ರೆಂಟಿಸರಿಗಾಗಿ 1961ರ ಕಾಯಿದೆಯೂ ಇದೆ. ಬೈಫೋಕಲ್ ವಿದ್ಯಾರ್ಥಿ ಕೆಲವು ವಾರಗಳನ್ನಾದರೂ ಇಂತಹ ಕಡೆ ಕಳೆಯುವಂತಾದರೆ, ಕಾಲೇಜಿನ ಪ್ರಯೋಗಶಾಲೆ ಕೊಡಲಾರದ ಅಭ್ಯಾಸ ಅವನಿಗೆ ದೊರೆಯುವುದು.

1986ರ ಶಿಕ್ಷಣ ನೀತಿಯು 1995ರ ವೇಳೆಗೆ ಪ್ರೌಢೋತ್ತರ ವಿದ್ಯಾರ್ಥಿಗಳಲ್ಲಿ ಶೇ. 25 ಮಂದಿ ಕಸುಬಿನ ಶಿಕ್ಷಣಕ್ಕೆ ಬರಬೇಕೆಂದಿತು. 1992ರಲ್ಲಿ ಆ ಗಡುವನ್ನು 2000ಕ್ಕೆ ಮುಂದೂಡಲಾಯಿತು. 2020ರ ನೀತಿಯಾದರೋ 2025ರೊಳಗೆ ಶಾಲಾ ಕಾಲೇಜುಗಳ ಕನಿಷ್ಠ ಶೇ. 50 ವಿದ್ಯಾರ್ಥಿಗಳಿಗೆ ಅದರ ಪರಿಚಯವಾಗಬೇಕೆಂದು ಬರೆಯಿತು. ಸಾಲ ತೀರದಿದ್ದಾಗ ಹೊಸ ಸಾಲಪತ್ರಕ್ಕೆ ರುಜು ಹಾಕಿಸುವ ರೂಢಿ ಬ್ಯಾಂಕುಗಳಲ್ಲೂ ಉಂಟು.

ಸರಕಾರಕ್ಕೆ ಕಾಯದೆ ಕನ್ನಡ ಸಂಘಗಳು ಮಾಡಬಹುದಾದುದೊಂದಿದೆ. ಕಸುಬಿನ ವಿಷಯಕ್ಕಾಗಿ ಕನ್ನಡ ಬಿಟ್ಟ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ ಪಾಠವೇರ್ಪಡಿಸುವುದು. ರಾತ್ರಿಶಾಲೆ ನಡೆಸಿದ ಸಮಾಜಕ್ಕೆ ಒಂದು ಕೋಣೆ, ಒಬ್ಬ ಅಧ್ಯಾಪಕ ದೊರೆಯುವುದು ಕಷ್ಟವಾಗದು.